ಪಡಸಾಲೆಯ ಮಾತು: ಶನಿವಾರದ ಕೆಂಪು ಜಾತ್ರೆ



ಹಾವೇರಿ ಕಡೆಯ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ಮಗಳು, ಅಳಿಯ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ಎಂಬ ಊರಿನಲ್ಲಿದ್ದಾರಂತೆ. ಕಾಗದದ ಮೊದಲ ಮೂರು ಪುಟ ಮಗಳ ಹೊಗಳಿಕೆ, ಕೊನೆಯ ಪುಟ ಪೂರ್ತಿ ಅಳಲು. "ಸೆಪ್ಟೆಂಬರ್ ಬಂತೆಂದರೆ ಶನಿವಾರ ನನ್ನ ಮಗಳು ಫೋನೇ ಎತ್ತುವುದಿಲ್ಲ. ಕೇಳಿದರೆ 'ಅಮ್ಮಾ, ಇವತ್ತು ಗೇಮ್ ಇದೆ, ನಾಳೆ ಮಾತಾಡ್ತೀನಿ' ಅಂತಾಳೆ. ಗಂಡ ಹೆಂಡತಿ ಇಬ್ಬರೂ ಕೆಂಪು ಅಂಗಿ ತೊಟ್ಟು ಫುಟ್‌ಬಾಲ್ ನೋಡಲು ಹೋಗುತ್ತಾರಂತೆ. ಆ ಟಿಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಒಂದು ತಿಂಗಳ ಸಂಸಾರ ನಡೆಯುತ್ತದೆ. ಮದುವೆಗೆ ಮುಂಚೆ ಲಗೋರಿಯನ್ನೂ ಆಡದ ಹುಡುಗಿಗೆ ಇದೆಂಥ ಹುಚ್ಚು ಹಿಡಿಯಿತು? ಅಲ್ಲಿಯವರಾದರೂ ಕಾಲೇಜು ಹುಡುಗರ ಆಟಕ್ಕೆ ಇಷ್ಟೇಕೆ ಕುಣಿಯುತ್ತಾರೆ?" ಇದು ಅವರ ಪ್ರಶ್ನೆ.

ಮಗನ ಸಂಸಾರ ನೋಡಲು ಹೋಗಿ ಅದೇ ಊರಿನಲ್ಲಿ ಎರಡು ಶರತ್ಕಾಲ ಕಳೆದವಳು ನಾನು. ಹಾಗಾಗಿ ಉತ್ತರ ಹೇಳುವ ಧೈರ್ಯ ಮಾಡುತ್ತೇನೆ. ಆಟದ ವಿಷಯ ಎಂದು ಪುಟ ತಿರುಗಿಸಬೇಡಿ, ಸೋದರಿಯರೇ. ಇದರಲ್ಲಿ ಆಟಕ್ಕಿಂತ ಮನೆಯ ಮಾತೇ ಹೆಚ್ಚು. ಕೊನೆಯಲ್ಲಿ ಒಂದು ತಿಂಡಿಯೂ ಇದೆ.

ಜೋಳದ ನಾಡಿನ ತೇರು

ನೆಬ್ರಾಸ್ಕ ಎಂದರೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ. ನಮ್ಮ ಹಾವೇರಿ, ದಾವಣಗೆರೆಯವರಿಗೆ ಹೊಸದೇನಲ್ಲ. ಅಲ್ಲಿಯ ವಿಶ್ವವಿದ್ಯಾಲಯದ ತಂಡದ ಹೆಸರೇ 'ಕಾರ್ನ್‌ಹಸ್ಕರ್ಸ್'. ಅಂದರೆ ಜೋಳದ ತೆನೆಯ ಸಿಪ್ಪೆ ಸುಲಿಯುವವರು! ಹುಲಿ, ಸಿಂಹ ಎಂದೆಲ್ಲ ಹೆಸರಿಟ್ಟುಕೊಳ್ಳುವ ತಂಡಗಳ ನಡುವೆ ಈ ರೈತಾಪಿ ಹೆಸರು ನನಗೆ ಬಹಳ ಹಿಡಿಸಿತು.

ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ಅಮೆರಿಕದ ದೊಡ್ಡ ಊರುಗಳಲ್ಲಿ ಸಂಬಳಕ್ಕೆ ಆಡುವ ವೃತ್ತಿಪರ ಫುಟ್‌ಬಾಲ್ ತಂಡಗಳಿರುತ್ತವೆ. ನೆಬ್ರಾಸ್ಕದಲ್ಲಿ ಅಂಥದ್ದು ಒಂದೂ ಇಲ್ಲ. ಆದ್ದರಿಂದ ಈ ವಿದ್ಯಾರ್ಥಿಗಳ ತಂಡವೇ ಇಡೀ ರಾಜ್ಯಕ್ಕೆ ಊರದೇವರು ಇದ್ದ ಹಾಗೆ. ಬೇರೆ ಊರಿಗೆ ಹೋಗಿ ಆಡುವ ಆಟಗಳು ಬೇರೆ, ಲಿಂಕನ್‌ನಲ್ಲೇ ನಡೆಯುವ 'ಹೋಮ್ ಗೇಮ್' ಬೇರೆ. ಇವು ವರ್ಷಕ್ಕೆ ಏಳೆಂಟು ಮಾತ್ರ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ, ಹೆಚ್ಚಾಗಿ ಶನಿವಾರಗಳಂದು.

ಆಟ ನಡೆಯುವ ಜಾಗದ ಹೆಸರು ಮೆಮೋರಿಯಲ್ ಸ್ಟೇಡಿಯಂ. 1923ರಲ್ಲಿ ಕಟ್ಟಿದ್ದು. ಯುದ್ಧಗಳಲ್ಲಿ ಮಡಿದ ಆ ರಾಜ್ಯದ ಮಕ್ಕಳ ನೆನಪಿಗೆ ಕಟ್ಟಿದ್ದರಿಂದ ಆ ಹೆಸರು. ಗೆಲ್ಲುವುದಕ್ಕಿಂತ ಚೆನ್ನಾಗಿ ಆಡುವುದೇ ದೊಡ್ಡದು ಎಂಬರ್ಥದ ಮಾತನ್ನು ಅದರ ಗೋಡೆಯ ಮೇಲೆ ಕೆತ್ತಿದ್ದಾರೆ. ಈಗ ಅಲ್ಲಿ 85 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಆಟದ ದಿನ ಆ ಕಟ್ಟಡವೇ ರಾಜ್ಯದ ಮೂರನೆಯ ದೊಡ್ಡ ಊರು! ಒಮಾಹಾ, ಲಿಂಕನ್ ಬಿಟ್ಟರೆ ಅಷ್ಟು ಜನ ಇರುವ ಊರು ಆ ರಾಜ್ಯದಲ್ಲಿ ಇನ್ನೊಂದಿಲ್ಲ.

ಬೆಳಗಿನಿಂದಲೇ ರಸ್ತೆಯ ತುಂಬ ಕೆಂಪು. ಕೂಸಿನ ಕುಲಾವಿ ಕೆಂಪು, ಅಜ್ಜನ ಟೋಪಿ ಕೆಂಪು, ನಾಯಿಯ ಕೊರಳಪಟ್ಟಿಯೂ ಕೆಂಪು. ಕಾರಿನ ಹಿಂಬಾಗಿಲು ತೆರೆದು, ಮಡಚುವ ಮೇಜು ಹಾಕಿ, ಒಲೆ ಹಚ್ಚಿ ಅಲ್ಲೇ ಅಡುಗೆ, ಅಲ್ಲೇ ಊಟ. ಗುರುತಿಲ್ಲದವರನ್ನೂ 'ಬನ್ನಿ, ಒಂದು ತುತ್ತು ತಿನ್ನಿ' ಎಂದು ಕರೆಯುತ್ತಾರೆ. ನಮ್ಮ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದವರು ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದುದು ನೆನಪಾಯಿತು.

ಆಟವೇನು?

ಇದು ನಮ್ಮ ಕಾಲ್ಚೆಂಡು ಅಲ್ಲ, ಸೋದರಿಯರೇ. ಹೆಸರಿಗೆ ಫುಟ್‌ಬಾಲ್, ಚೆಂಡು ಇರುವುದು ಹೆಚ್ಚಾಗಿ ಕೈಯಲ್ಲೇ. ಚೆಂಡಿನ ಆಕಾರ ಎರಡೂ ಕಡೆ ಚೂಪಾದ ಮೊಟ್ಟೆಯಂತೆ. ಮೈದಾನದ ಉದ್ದ 100 ಗಜ, ಕಡೆಗೆ ಹನ್ನೊಂದು ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಜೊತೆಗೆ ಇನ್ನೂ ಒಂದೆರಡು ಗಳಿಸುವ ಅವಕಾಶ. ಕಂಬಗಳ ನಡುವೆ ಒದ್ದು ಕಳಿಸಿದರೆ 3. ಕಬಡ್ಡಿಯಂತೆ ಹಿಡಿದು ಕೆಡವುವುದೇ ಮುಖ್ಯ ಎಂದುಕೊಂಡರೆ ಅರ್ಧ ಆಟ ಅರ್ಥವಾದಂತೆ. ಗಡಿಯಾರದ ಲೆಕ್ಕಕ್ಕೆ 60 ನಿಮಿಷದ ಆಟ. ಆದರೆ ನಿಲ್ಲಿಸಿ ನಿಲ್ಲಿಸಿ ಆಡಿ ಮೂರೂವರೆ ಗಂಟೆಯಾಗುತ್ತದೆ. ಆ ನಿಲುಗಡೆಯಲ್ಲೇ ಪಕ್ಕದವರೊಡನೆ ಕಷ್ಟ ಸುಖದ ಮಾತು!

ಪೆಟ್ಟಾಗುವುದಿಲ್ಲವೇ ಎಂದು ತಾಯಂದಿರು ಕೇಳುವುದು ಸಹಜ. ಖಂಡಿತ ಆಗುತ್ತದೆ. 1905ರಲ್ಲಿ ಈ ಆಟದಲ್ಲಿ ಹುಡುಗರು ಸತ್ತು ದೇಶದಲ್ಲೆಲ್ಲ ಗದ್ದಲವಾಗಿ, ಮರುವರ್ಷ ನಿಯಮಗಳನ್ನೇ ಬದಲಿಸಿದರು. ಇಂದು ಶಿರಸ್ತ್ರಾಣ, ಭುಜದ ಕವಚ ಎಲ್ಲ ಇವೆ. ಆದರೂ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಮುಂದೆ ಮಿದುಳಿಗೆ ತೊಂದರೆಯಾಗಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ. ಮಗ ನೆಲಕ್ಕೆ ಬಿದ್ದು ಏಳುವುದು ಒಂದು ಕ್ಷಣ ತಡವಾದರೆ ಆ ತಾಯಿಯ ಜೀವ ಹೇಗಾಗಬೇಡ! ಆಗ ಇಡೀ ಸ್ಟೇಡಿಯಂ ಗಪ್‌ಚಿಪ್. ಹುಡುಗ ಎದ್ದು ನಿಂತರೆ ಎರಡೂ ಕಡೆಯವರ ಚಪ್ಪಾಳೆ.

ಸೀಟಿನ ನೆಂಟರು

ನಮ್ಮ ಮಗನ ಪಕ್ಕದ ಮನೆಯಲ್ಲಿ 80 ದಾಟಿದ ಒಬ್ಬ ಅಜ್ಜಿ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸಂಜೆ ವರಾಂಡದಲ್ಲಿ ಕೂತು ಆಕೆ ಹೇಳಿದ ಕಥೆಗಳಿಂದಲೇ ನನಗೆ ಈ ಹುಚ್ಚಿನ ಒಳಗು ತಿಳಿದದ್ದು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆಕೆಯ ಕಿವಿಯೂ ಅಷ್ಟಕ್ಕಷ್ಟೇ. ಆದರೂ ಇಬ್ಬರಿಗೂ ಮಾತು ಸಾಕಾಗುತ್ತಿರಲಿಲ್ಲ.

1962ರಲ್ಲಿ ಆಕೆ ಅಲ್ಲಿಯ ವಿದ್ಯಾರ್ಥಿನಿ. ಅದೇ ವರ್ಷ ಬಾಬ್ ಡಿವೇನಿ ಎಂಬ ಹೊಸ ಕೋಚ್ ಬಂದಿದ್ದರು. ನವೆಂಬರ್ 3ರಂದು ಮಿಸ್ಸೂರಿ ತಂಡದೊಡನೆ ಆಟ. ಟಿಕೆಟ್ ಪೂರ್ತಿ ಖರ್ಚಾಯಿತು. ಅಂದಿನಿಂದ ಇಂದಿನವರೆಗೆ ಲಿಂಕನ್‌ನ ಪ್ರತಿಯೊಂದು ಆಟಕ್ಕೂ ಟಿಕೆಟ್ ಪೂರ್ತಿ ಖರ್ಚಾಗುತ್ತಲೇ ಬಂದಿದೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಇಷ್ಟು ಉದ್ದದ ಸಾಲು ಬೇರೆ ಯಾರದ್ದೂ ಇಲ್ಲ. "ಹೋಗಲಿ, ಮೊದಲ ದಿನ ಗೆದ್ದಿರಾ?" ಎಂದೆ. ಅಜ್ಜಿ ನಕ್ಕರು. "ಎಲ್ಲಿ ಗೆದ್ದೆವು? 16ಕ್ಕೆ 7, ಸೋತೆವು!"

ಮರುವರ್ಷದ ನೆನಪು ನಗೆಯದ್ದಲ್ಲ. 1963ರ ನವೆಂಬರ್ 22, ಶುಕ್ರವಾರ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ದೇಶದ ಎಷ್ಟೋ ಕಡೆ ಶನಿವಾರದ ಆಟಗಳನ್ನು ನಿಲ್ಲಿಸಿದರು. ಲಿಂಕನ್‌ನಲ್ಲಿ ಒಕ್ಲಹೋಮಾ ತಂಡದೊಡನೆ ಆಟ ನಡೆದೇ ಬಿಟ್ಟಿತು. ನೆಬ್ರಾಸ್ಕ 29-20ರಿಂದ ಗೆದ್ದಿತು. "ಗೆದ್ದೆವು, ಆದರೆ ಗಂಟಲಿನಿಂದ ದನಿ ಹೊರಡಲಿಲ್ಲ. ಮನೆಗೆ ಬಂದು ಅತ್ತೆ" ಎಂದರು ಅಜ್ಜಿ. ಆಟ ಆಡಿದ್ದು ಸರಿಯೋ ತಪ್ಪೋ ಎಂದು ಆಕೆ ಮತ್ತು ಗಂಡ ಅವರು ಇರುವವರೆಗೂ ವಾದ ಮಾಡುತ್ತಿದ್ದರಂತೆ.

ಮದುವೆಯಾದ ಮೇಲೆ ಗಂಡ ಹೆಂಡತಿ ಎರಡು ಸೀಸನ್ ಟಿಕೆಟ್ ಮಾಡಿಸಿದರು. ಅಂದರೆ ವರ್ಷದ ಎಲ್ಲ ಹೋಮ್ ಗೇಮ್‌ಗೂ ಅವೇ ಎರಡು ಸೀಟು. ವರ್ಷ ವರ್ಷ ಹಣ ಕಟ್ಟಿ ಉಳಿಸಿಕೊಂಡರೆ ಆ ಜಾಗ ನಿಮ್ಮದೇ. ಬೆನ್ನಿಗೆ ಆಸರೆಯಿಲ್ಲದ ಉದ್ದನೆಯ ಬೆಂಚು, ಅದರ ಮೇಲೆ ಅಂಕಿ. ಒಬ್ಬರಿಗೆ ಸಿಗುವುದು ಒಂದೂವರೆ ಅಡಿಯಷ್ಟು ಜಾಗ. ಸೆಪ್ಟೆಂಬರಿನ ಬಿಸಿಲಿನಲ್ಲಿ ಹೇಗೋ ಸರಿ. ನವೆಂಬರಿನ ಚಳಿಯಲ್ಲಿ ಎಲ್ಲರೂ ದಪ್ಪ ದಪ್ಪ ಕೋಟು ತೊಟ್ಟು ಬಂದಾಗ ನಮ್ಮೂರ ಬಸ್ಸೇ ವಾಸಿ!

ಆದರೆ ಆ ಒತ್ತಾಟದಲ್ಲೇ ನೆಂಟಸ್ತಿಕೆ ಬೆಳೆದದ್ದು ನೋಡಿ. ಮುಂದಿನ ಸಾಲಿನ ರೈತ ದಂಪತಿ, ಎಡಗಡೆಯ ಶಾಲಾ ಮಾಸ್ತರು, ಹಿಂದೆ ಕೂರುತ್ತಿದ್ದ ಬಾಯಿ ಜೋರಿನ ಹೆಂಗಸು. ಮೂವತ್ತು ನಲವತ್ತು ವರ್ಷ ಅವರೇ ಅಕ್ಕಪಕ್ಕ. ಉಳಿದ ದಿನ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಆದರೆ ಯಾರ ಮಗಳು ಬಸುರಿ, ಯಾರಿಗೆ ಮಂಡಿನೋವು, ಯಾರ ಹೊಲಕ್ಕೆ ಆಲಿಕಲ್ಲು ಬಿತ್ತು ಎಲ್ಲವೂ ಗೊತ್ತು. ಸೆಪ್ಟೆಂಬರಿನ ಮೊದಲ ಆಟಕ್ಕೆ ಬಂದು ಕೂತಾಗ ಎಲ್ಲರೂ ಮೊದಲು ನೋಡುವುದು ಮೈದಾನವನ್ನಲ್ಲ, ಅಕ್ಕಪಕ್ಕದ ಸೀಟನ್ನು. ಯಾರಾದರೂ ಬಂದಿಲ್ಲ ಎಂದರೆ ಮಾತಿಲ್ಲದೆ ಅರ್ಥವಾಗುತ್ತದೆ. ಒಂದು ವರ್ಷ ಆ ರೈತನ ಜಾಗದಲ್ಲಿ ಅವನ ಮೊಮ್ಮಗ ಬಂದು ಕೂತನಂತೆ. ಆಟ ಶುರುವಾಗುವ ಮೊದಲೇ ಅವನ ಕೈಗೆ ಆರು ಜನ ಆರು ಬಗೆಯ ತಿಂಡಿ ಕೊಟ್ಟರಂತೆ.

ಹೊಲ ಬಿಟ್ಟು ಬರಲಾಗದವರಿಗೆ ರೇಡಿಯೋ. ಲೈಲ್ ಬ್ರೆಮ್ಸರ್ ಎಂಬವರು 1939ರಿಂದ 1983ರವರೆಗೆ ವೀಕ್ಷಕ ವಿವರಣೆ ಹೇಳಿದರು. ಅಕ್ಟೋಬರ್ ಎಂದರೆ ಜೋಳದ ಕೊಯ್ಲು. ಯಂತ್ರ ಓಡಿಸುತ್ತಲೇ ರೈತರು ಕಿವಿ ರೇಡಿಯೋಗೆ ಕೊಟ್ಟಿರುತ್ತಿದ್ದರು. ನಮ್ಮಲ್ಲಿ ಕ್ರಿಕೆಟ್ ಕಾಮೆಂಟರಿಗೆ ಅಂಗಡಿ ಮುಂದೆ ಜನ ನಿಲ್ಲುತ್ತಿರಲಿಲ್ಲವೇ, ಹಾಗೆ.

ಸೋತರೂ ಬಿಡದವರು

ಒಳ್ಳೆಯ ಕಾಲವೂ ಇತ್ತು. 1978ರ ನವೆಂಬರ್ 11ರಂದು, ಆರು ವರ್ಷ ಸತತವಾಗಿ ಸೋಲಿಸಿದ್ದ ಒಕ್ಲಹೋಮಾವನ್ನು ಲಿಂಕನ್‌ನಲ್ಲೇ 17-14ರಿಂದ ಮಣಿಸಿದಾಗ ಜನ ಮೈದಾನಕ್ಕೆ ನುಗ್ಗಿ ಗೋಲು ಕಂಬಗಳನ್ನೇ ಕಿತ್ತರು! ಆಗಿನ ಕೋಚ್ ಟಾಮ್ ಆಸ್ಬಾರ್ನ್. ಮಾತು ಕಡಿಮೆ, ಗಂಭೀರ ಮನುಷ್ಯ. 1973ರಿಂದ 1997ರವರೆಗೆ 25 ವರ್ಷದಲ್ಲಿ 255 ಆಟ ಗೆದ್ದವರು. 1994, 1995 ಮತ್ತು 1997ರಲ್ಲಿ ದೇಶದ ಚಾಂಪಿಯನ್ ಪಟ್ಟ ತಂದವರು. ಆ ಕಾಲದಲ್ಲಿ ಟಿಕೆಟ್ಟಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದರಂತೆ. ಉಯಿಲಿನಲ್ಲಿ ಮನೆ, ಹೊಲದ ಜೊತೆ ಸೀಟನ್ನೂ ಬರೆದಿಡುವವರಿದ್ದರು. ವಿಚ್ಛೇದನದಲ್ಲಿ ಮಕ್ಕಳಿಗಿಂತ ಟಿಕೆಟ್ಟಿಗೇ ಜಗಳ ಜೋರು ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ.

ಗೆಲ್ಲುವ ತಂಡಕ್ಕೆ ಜನ ಸೇರುವುದು ದೊಡ್ಡ ಮಾತಲ್ಲ. ಸೋಲುವಾಗ? 2017ರಿಂದ 2023ರವರೆಗೆ ಏಳು ವರ್ಷ ಸಾಲಾಗಿ ಗೆಲುವಿಗಿಂತ ಸೋಲೇ ಹೆಚ್ಚು. 2018ರ ಮೊದಲ ಆಟದ ದಿನ ಗುಡುಗು ಮಿಂಚು. ಆಟ ಶುರುವಾದ ಕೂಡಲೇ ನಿಂತು, ಗಂಟೆಗಟ್ಟಲೆ ಕಾದು, ಕಡೆಗೆ ರದ್ದಾಯಿತು. 2020ರಲ್ಲಿ ಕೋವಿಡ್, ಸಾರ್ವಜನಿಕರಿಗೆ ಪ್ರವೇಶವೇ ಇಲ್ಲ. ಅಜ್ಜಿ ಮನೆಯಲ್ಲಿ ಟಿ.ವಿ. ಮುಂದೆ ಕೆಂಪು ಕೋಟು ತೊಟ್ಟು, ಆ ಗಟ್ಟಿ ಬೆಂಚಿಗೆಂದು ಇಟ್ಟುಕೊಂಡಿದ್ದ ಮೆತ್ತೆಯನ್ನೇ ಹಾಕಿಕೊಂಡು ಕೂತರಂತೆ. 2021ರಲ್ಲಂತೂ 12 ಆಟದಲ್ಲಿ 9 ಸೋಲು. ಆ ಒಂಬತ್ತರಲ್ಲಿ ಒಂದೂ 9 ಅಂಕಕ್ಕಿಂತ ಹೆಚ್ಚಿನ ಅಂತರದ್ದಲ್ಲ! ಪ್ರತಿಸಾರಿಯೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಆದರೂ ಜನ ಹೋದರು.

ಉತ್ಪ್ರೇಕ್ಷೆ ಮಾಡಬಾರದು, ಎಲ್ಲ ಸೀಟನ್ನೂ ಅಭಿಮಾನಿಗಳೇ ಕೊಂಡರು ಎನ್ನುವಂತಿಲ್ಲ. ಸೋಲಿನ ವರ್ಷಗಳಲ್ಲಿ ಟಿಕೆಟ್ ಉಳಿಯತೊಡಗಿದವು. ಆಗ ದಾನಿಗಳು ಅವನ್ನು ಕೊಂಡು, ಅನುಕೂಲವಿಲ್ಲದ ಮನೆಗಳ ಮಕ್ಕಳಿಗೆ ಹಂಚುವ ಏರ್ಪಾಡು 2021ರಲ್ಲಿ ಆಯಿತು. 'ಲೆಕ್ಕ ಉಳಿಸಲು ಮಾಡಿದ ಉಪಾಯ' ಎಂದು ಕೆಲವರು ಮೂಗು ಮುರಿದರು. ಅಜ್ಜಿ ಮಾತ್ರ, "ಸೀಟು ಖಾಲಿ ಇರುವುದಕ್ಕಿಂತ ಒಂದು ಮಗು ಕೂತು ಬಾಯಿ ಬಿಟ್ಟು ನೋಡುವುದು ಒಳ್ಳೆಯದಲ್ಲವೇನಮ್ಮ?" ಎಂದರು. ನನಗೂ ಸರಿಯೆನಿಸಿತು. 2024ರ ಸೆಪ್ಟೆಂಬರ್ 20ರಂದು ಇಲಿನಾಯ್ ತಂಡದೊಡನೆ ನಡೆದದ್ದು ಈ ಸಾಲಿನ 400ನೆಯ ಆಟ. ಅದರಲ್ಲೂ ಸೋಲೇ! ಮೊದಲನೆಯದರಲ್ಲಿ ಸೋತರು, ನಾನೂರನೆಯದರಲ್ಲೂ ಸೋತರು. ಇವರು ಬರುವುದು ಗೆಲುವಿಗೆ ಮಾತ್ರ ಅಲ್ಲ ಎನ್ನಲು ಇನ್ನೇನು ಬೇಕು?

ಇನ್ನೊಂದು ಸಂಪ್ರದಾಯ ನಮ್ಮ ಮಕ್ಕಳಿಗೂ ಹೇಳುವಂಥದ್ದು. ಆಟ ಮುಗಿದು ಎದುರಾಳಿ ತಂಡ ಹೊರಡುವಾಗ, ಅವರು ಗೆದ್ದಿರಲಿ ಸೋತಿರಲಿ, ಇವರು ನಿಂತು ಚಪ್ಪಾಳೆ ತಟ್ಟಿ ಕಳಿಸುತ್ತಾರೆ. ಮನೆಗೆ ಬಂದವರನ್ನು ಬಾಗಿಲ ತನಕ ಬಂದು ಬೀಳ್ಕೊಡುವಂತೆ.

ಮೊದಲ ಅಂಕ ಬಂದಾಗ ಸಾವಿರಾರು ಕೆಂಪು ಬಲೂನು ಆಕಾಶಕ್ಕೆ ಬಿಡುವ ಪದ್ಧತಿಯೂ ಬಹಳ ವರ್ಷ ಇತ್ತು. ಅದಕ್ಕೆ ತುಂಬುವ ಹೀಲಿಯಂ ಅನಿಲ ಆಸ್ಪತ್ರೆಯ ಕೆಲಸಕ್ಕೂ ಬೇಕು, ಅದರ ಕೊರತೆ ಇದೆ ಎಂದು 2022ರಲ್ಲಿ ನಿಲ್ಲಿಸಿದರು. ಹಳಬರಿಗೆ ಬೇಸರವಾಯಿತು. ಆದರೆ ರೋಗಿಯ ಮುಂದೆ ಬಲೂನು ಯಾವ ಲೆಕ್ಕ?

ನೆನಪುಗಳಲ್ಲಿ ಎಲ್ಲರೂ ಹೇಳುವುದು 2013ರ ಏಪ್ರಿಲ್ 6ರದ್ದು. ಅದು ಸೀಸನ್ನಿನ ಆಟವಲ್ಲ, ತಂಡ ತನ್ನೊಳಗೇ ಎರಡು ಭಾಗವಾಗಿ ಆಡುವ ವಸಂತಕಾಲದ ಆಟ. ಮಿದುಳಿನ ಕ್ಯಾನ್ಸರ್ ಇದ್ದ ಏಳು ವರ್ಷದ ಪುಟ್ಟ ಹುಡುಗನಿಗೆ ತಂಡದ ಅಂಗಿ ತೊಡಿಸಿ ಮೈದಾನಕ್ಕಿಳಿಸಿ ಚೆಂಡು ಕೈಗಿತ್ತರು. ಹುಡುಗ 69 ಗಜ ಓಡಿ ಗೆರೆ ದಾಟಿದ. ದೊಡ್ಡ ದೊಡ್ಡ ಆಟಗಾರರೆಲ್ಲ ಅವನನ್ನು ಎತ್ತಿ ಕುಣಿದರು. ನೋಡುತ್ತಿದ್ದವರು 60 ಸಾವಿರ ಜನ. "ನನ್ನ ಗಂಡ ಅತ್ತದ್ದನ್ನು ಎರಡನೇ ಸಾರಿ ನೋಡಿದ್ದು ಅಂದು" ಎಂದರು ಅಜ್ಜಿ. ಆ ಹುಡುಗ ಮತ್ತೂ ಹನ್ನೆರಡು ವರ್ಷ ಕಾಯಿಲೆಯೊಡನೆ ಹೋರಾಡಿ 2025ರ ಜನವರಿಯಲ್ಲಿ, 19ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಮನೆಯವರು ಕಟ್ಟಿದ ಸಂಸ್ಥೆ ಮಕ್ಕಳ ಮಿದುಳು ಕ್ಯಾನ್ಸರಿನ ಸಂಶೋಧನೆಗೆ ಹಣ ಕೂಡಿಸುತ್ತಿದೆ.

ಬುತ್ತಿ ಹೊತ್ತವಳ ಸೀಟು

ಇಷ್ಟು ಹೇಳಿ ಅಜ್ಜಿಯ ಮನೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಇದನ್ನು ಬರೆಯಲು ಆಕೆಯ ಒಪ್ಪಿಗೆ ಕೇಳಿಯೇ ಬಂದಿದ್ದೇನೆ.

ಆಕೆಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಟಿಕೆಟ್ ಎರಡೇ. ಮಕ್ಕಳು ಸಣ್ಣವರಿದ್ದಾಗ ಅಜ್ಜಿ ತಮ್ಮ ಸೀಟು ಬಿಟ್ಟುಕೊಟ್ಟರು. ಒಂದು ವಾರ ಅಪ್ಪನ ಜೊತೆ ದೊಡ್ಡ ಮಗ, ಇನ್ನೊಂದು ವಾರ ಸಣ್ಣ ಮಗ. ಮಗಳ ಸರದಿ? "ಅವಳಿಗೆ ಚಳಿ ತಡೆಯಲ್ಲ, ಅವಳಿಗೇನು ತಿಳಿಯುತ್ತೆ" ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ, ಸೋದರಿಯರೇ. ಆ ಕಾಲ ಹಾಗಿತ್ತು, ನಮ್ಮಲ್ಲೂ ಹಾಗೇ ಅಲ್ಲವೇ? ತಾಯಿ ಮಗಳು ಇಬ್ಬರೂ ಬೆಳಿಗ್ಗೆ ಎದ್ದು ಎಲ್ಲರಿಗೂ ಬುತ್ತಿ ಕಟ್ಟಿ ಕಳಿಸಿ, ಹಿಟ್ಟು ನಾದುತ್ತಾ ರೇಡಿಯೋ ಕೇಳುತ್ತಿದ್ದರು. ಆ ಹುಡುಗಿಗೆ ಪ್ರತಿ ಆಟಗಾರನ ಹೆಸರು, ಊರು, ಅಂಗಿಯ ಸಂಖ್ಯೆ ಬಾಯಿಪಾಠ. ಅಣ್ಣಂದಿರಿಗೆ ಸಂಶಯ ಬಂದರೆ ಅವಳನ್ನೇ ಕೇಳಬೇಕು!

ಗಂಡುಮಕ್ಕಳು ಓದಿ ದೂರದ ರಾಜ್ಯಗಳಲ್ಲಿ ನೆಲೆಸಿದರು. ಮಗಳು ಒಮಾಹಾದಲ್ಲಿ ನರ್ಸ್ ಆದಳು. ಅಪ್ಪನ ಮಂಡಿ ಸೋತಾಗ ಮೆಟ್ಟಿಲು ಹತ್ತಿಸಿದವಳು ಅವಳು. ರಾತ್ರಿ ಪಾಳಿ ಮುಗಿಸಿ 80 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು, ಅಪ್ಪ ಅಮ್ಮನನ್ನು ಸೀಟಿನಲ್ಲಿ ಕೂರಿಸಿ, ತಾನು ಹೊರಗೆ ಕಾರಿನಲ್ಲಿ ಕೂತು ರೇಡಿಯೋ ಕೇಳುತ್ತಿದ್ದಳು. ಎಷ್ಟು ವರ್ಷ? ಹನ್ನೊಂದು ವರ್ಷ!

ಅಪ್ಪ ತೀರಿಕೊಂಡ ಮೇಲೆ ಟಿಕೆಟ್ ಯಾರಿಗೆ ಎಂಬ ಮಾತು ಬಂತು. ಹಿರಿಯ ಮಗ, "ನನ್ನ ಹೆಸರಿಗೆ ಮಾಡು ಅಮ್ಮ. ಬರಲಾಗದ ದಿನ ಮಾರಿದರೂ ಒಳ್ಳೆಯ ಬೆಲೆ ಬರುತ್ತೆ" ಅಂದನಂತೆ. ಅಜ್ಜಿ ಒಂದು ವಾರ ಸುಮ್ಮನಿದ್ದರು. ಆಮೇಲೆ ಎರಡೂ ಸೀಟನ್ನು ಮಗಳ ಹೆಸರಿಗೆ ಮಾಡಿಸಿ, ಗಂಡುಮಕ್ಕಳಿಗೆ ಫೋನ್ ಮಾಡಿ ಹೇಳಿದರು: "ನೀವು ಆಟ ನೋಡಿದ್ದೀರಿ. ಅವಳು ಬರೀ ಕೇಳಿದ್ದಾಳೆ. ಇನ್ನು ಅವಳು ನೋಡಲಿ." ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಹಿರಿಯ ಮಗ ಬರಲಿಲ್ಲ. ತಾಯಿಗೆ ಸಂಕಟವಾಯಿತು, ನಿರ್ಧಾರ ಬದಲಿಸಲಿಲ್ಲ. ಮರುವರ್ಷ ಅವನು ಬಂದ. ತಂಗಿಯೇ ಒಂದು ಆಟಕ್ಕೆ ಅವನನ್ನು ಕರೆದುಕೊಂಡು ಹೋಗಿ ಅಪ್ಪನ ಸೀಟಿನಲ್ಲಿ ಕೂರಿಸಿದಳು.

ಕಾಲವೂ ಬದಲಾಗಿದೆ. 1972ರಲ್ಲಿ ಬಂದ ಕಾನೂನಿನಿಂದ ಅಲ್ಲಿಯ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಆಟಕ್ಕೂ ಬಾಗಿಲು ತೆರೆಯಿತು. 2023ರ ಆಗಸ್ಟ್ 30ರಂದು ಅದೇ ಮೆಮೋರಿಯಲ್ ಸ್ಟೇಡಿಯಂನ ನಡುವೆ ವಾಲಿಬಾಲ್ ಅಂಕಣ ಹಾಕಿ ನೆಬ್ರಾಸ್ಕದ ಹುಡುಗಿಯರು ಆಡಿದರು. ಬಂದವರು 92,003 ಜನ! ಮಹಿಳೆಯರ ಕ್ರೀಡೆಗೆ ಸೇರಿದ ಜನಸಂಖ್ಯೆಯಲ್ಲಿ ಅದು ವಿಶ್ವದಾಖಲೆ ಎನಿಸಿತು. ತಾಯಿ ಮಗಳು ಇಬ್ಬರೂ ಹೋಗಿದ್ದರಂತೆ. "ಅಂದು ಯಾರೂ ಬುತ್ತಿ ಕಟ್ಟಲಿಲ್ಲ. ಕೊಂಡು ತಿಂದೆವು" ಎಂದು ಅಜ್ಜಿ ಕಣ್ಣು ಮಿಟುಕಿಸಿದರು.

ಹಾವೇರಿಯ ಸೋದರಿಗೆ

ಈಗ ನಿಮ್ಮ ಪ್ರಶ್ನೆಗೆ ಬರೋಣ. ದುಡ್ಡಿನ ಮಾತು ನೀವು ಹೇಳಿದ್ದು ಸುಳ್ಳಲ್ಲ. ಟಿಕೆಟ್ಟಿನ ಮೇಲೆ ಒಳ್ಳೆಯ ಸೀಟಿಗೆ ದೇಣಿಗೆ ಬೇರೆ ಕೊಡಬೇಕು. 2022ರಲ್ಲಿ ನೇಮಕವಾದ ಕೋಚ್‌ಗೆ 8 ವರ್ಷಕ್ಕೆ 7 ಕೋಟಿ 40 ಲಕ್ಷ ಡಾಲರಿನ ಒಪ್ಪಂದ. ಆದರೆ 2021ರವರೆಗೆ ಆಡುವ ಹುಡುಗರು ತಮ್ಮ ಹೆಸರಿನಿಂದ ಒಂದು ಡಾಲರ್ ಸಂಪಾದಿಸುವಂತಿರಲಿಲ್ಲ. ವಿದ್ಯಾರ್ಥಿವೇತನ ಮಾತ್ರ. ಅಲ್ಲಿಯವರೂ ಇದನ್ನು ಒಪ್ಪಿ ತಲೆದೂಗುವುದಿಲ್ಲ, ವಾದ ನಡೆದೇ ಇದೆ. ಮಗಳಿಗೆ 'ಮನೆಯ ಲೆಕ್ಕದೊಳಗೆ ಖರ್ಚು ಮಾಡಮ್ಮ' ಎಂದು ಹೇಳುವ ಹಕ್ಕು ನಿಮಗಿದೆ. ಒಂದು ಸಾರಿ ಹೇಳಿ, ಪ್ರತಿವಾರ ಬೇಡ.

ಆದರೆ ಹುಚ್ಚು ಎನ್ನಬೇಡಿ. ನೆಂಟರಿಲ್ಲದ ಊರು ಅದು. ನಾಲ್ಕು ತಿಂಗಳು ಮಂಜು, ಬಾಗಿಲು ಮುಚ್ಚಿದ ಮನೆಗಳು. ಆ ಬೆಂಚಿನ ಮೇಲೆ ಒಂದೇ ಬಣ್ಣ ತೊಟ್ಟು ಕೂತಾಗ 'ನೀವು ಯಾವ ದೇಶದವರು' ಎಂದು ಯಾರೂ ಕೇಳುವುದಿಲ್ಲ. 'ಇನ್ನೆಷ್ಟು ಗಜ ಬೇಕು' ಎಂದು ಕೇಳುತ್ತಾರೆ. ನಿಮ್ಮ ಮಗಳಿಗೆ ಅಲ್ಲಿ ಒಂದು ಓಣಿ ಸಿಕ್ಕಿದೆ ಎಂದುಕೊಳ್ಳಿ.

ಫೋನಿಗೆ ಒಂದು ಉಪಾಯ. ಲಿಂಕನ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ನವೆಂಬರ್ ಮೊದಲ ವಾರದಿಂದ ಹನ್ನೊಂದೂವರೆ ಗಂಟೆ. ಅಲ್ಲಿ ಶನಿವಾರ ಬೆಳಿಗ್ಗೆ 11ಕ್ಕೆ ಆಟವೆಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ನೀವು ಊಟ ಮುಗಿಸಿ ಫೋನ್ ಹಿಡಿಯುವ ಹೊತ್ತೇ ಅವಳು ಕೂಗುವ ಹೊತ್ತು! ಎತ್ತಿದರೂ ಕೇಳಿಸುವುದಿಲ್ಲ. ಶನಿವಾರ ಬಿಟ್ಟು ಭಾನುವಾರ ಸಂಜೆ ಏಳಕ್ಕೆ ಮಾಡಿ, ಅವಳಿಗೆ ಭಾನುವಾರದ ಬೆಳಗಾಗಿರುತ್ತದೆ. ಮೊದಲ ಮಾತಿಗೇ 'ನಿನ್ನೆ ಗೆದ್ದಿರೋ ಸೋತಿರೋ?' ಎಂದು ಕೇಳಿ ನೋಡಿ. ಅಕ್ಕಪಕ್ಕ ಯಾರು ಕೂರುತ್ತಾರೆ ಎಂದೂ ಕೇಳಿ. ಅರ್ಧ ಗಂಟೆ ಅವಳೇ ಮಾತಾಡುತ್ತಾಳೆ.

ನೆಬ್ರಾಸ್ಕದ ಬುತ್ತಿ: ರನ್ಜಾ

ರಷ್ಯಾದ ವೋಲ್ಗಾ ನದಿಯ ಬದಿಯಲ್ಲಿ ನೆಲೆಸಿದ್ದ ಜರ್ಮನ್ ರೈತರು ನೆಬ್ರಾಸ್ಕಕ್ಕೆ ವಲಸೆ ಬಂದಾಗ ತಂದ ತಿಂಡಿ ಇದು. ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ. 1949ರಲ್ಲಿ ಸ್ಯಾಲಿ ಎವೆರೆಟ್ ಎಂಬ ಮಹಿಳೆ ಸೋದರನ ಜೊತೆ ಲಿಂಕನ್‌ನಲ್ಲಿ ಇದರ ಅಂಗಡಿ ತೆರೆದರು. ಇಂದು ಸ್ಟೇಡಿಯಂನಲ್ಲೂ ಮಾರುತ್ತಾರೆ. ಅಲ್ಲಿ ಒಳಗೆ ಮಾಂಸ, ಎಲೆಕೋಸು, ಈರುಳ್ಳಿ ತುಂಬುತ್ತಾರೆ. ನಾನು ಮನೆಯಲ್ಲಿ ಮಾಡುವುದು ಸಸ್ಯಾಹಾರದ ರೀತಿ.

ಬೇಕಾಗುವ ಸಾಮಾನು: ಮೈದಾ 2 ಬಟ್ಟಲು, ಈಸ್ಟ್ 1 ಟೀ ಚಮಚ, ಸಕ್ಕರೆ 1 ಟೀ ಚಮಚ, ಬೆಣ್ಣೆ 2 ದೊಡ್ಡ ಚಮಚ, ಉಗುರುಬೆಚ್ಚಗಿನ ಹಾಲು ಮುಕ್ಕಾಲು ಬಟ್ಟಲು, ಉಪ್ಪು. ಹೂರಣಕ್ಕೆ ಸಣ್ಣಗೆ ಹೆಚ್ಚಿದ ಎಲೆಕೋಸು 2 ಬಟ್ಟಲು, ಈರುಳ್ಳಿ 2, ತುರಿದ ಪನೀರ್ ಅರ್ಧ ಬಟ್ಟಲು, ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಎಣ್ಣೆ, ಉಪ್ಪು.

ಮಾಡುವ ವಿಧಾನ: ಬೆಚ್ಚಗಿನ ಹಾಲಿಗೆ ಸಕ್ಕರೆ, ಈಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದ ಮೇಲೆ ಮೈದಾ, ಉಪ್ಪು, ಬೆಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಇಡಿ. ಹಿಟ್ಟು ಎರಡರಷ್ಟು ಉಬ್ಬಬೇಕು. ಈರುಳ್ಳಿ, ಕೋಸು ಬಾಡಿಸಿ ನೀರು ಪೂರ್ತಿ ಆರಿದ ಮೇಲೆ ಪನೀರ್, ಮೆಣಸು, ಉಪ್ಪು ಹಾಕಿ ಇಳಿಸಿ ಆರಲು ಬಿಡಿ. ಹಿಟ್ಟನ್ನು ಆರು ಉಂಡೆ ಮಾಡಿ, ಅಂಗೈಗಿಂತ ದೊಡ್ಡದಾಗಿ ಲಟ್ಟಿಸಿ, ನಡುವೆ ಹೂರಣ ಇಟ್ಟು ಉದ್ದನೆಯ ಬನ್ನಿನ ಆಕಾರಕ್ಕೆ ಮಡಚಿ. ಅಂಚನ್ನು ಚೆನ್ನಾಗಿ ಒತ್ತಿ, ಅಂಟಿಸಿದ ಭಾಗ ಕೆಳಗೆ ಬರುವಂತೆ ಇಪ್ಪತ್ತು ನಿಮಿಷ ಇಡಿ. ಓವನ್ ಇದ್ದರೆ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಬಾಣಲೆಗೆ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಎರಡೂ ಬದಿ ಹೊಂಬಣ್ಣ ಬರುವವರೆಗೆ ಬೇಯಿಸಿ. ಕೋಸಿನಲ್ಲಿ ನೀರು ಉಳಿದರೆ ತಳ ಒದ್ದೆಯಾಗುತ್ತದೆ, ಅದೊಂದು ಗಮನವಿರಲಿ. ಪ್ರಯಾಣಕ್ಕೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಮಾಡಿದ್ದು ಸಂಜೆಯವರೆಗೆ ಮೆತ್ತಗಿರುತ್ತದೆ.

ನಿಮ್ಮೂರಿನ ಜಾತ್ರೆಯಲ್ಲೋ, ಕುಸ್ತಿ ಕಣದಲ್ಲೋ, ಕಂಬಳದ ಗದ್ದೆಯ ಬದಿಯಲ್ಲೋ ವರ್ಷ ವರ್ಷ ಪಕ್ಕದಲ್ಲೇ ಕೂತು ನೆಂಟರಾದವರು ನಿಮಗೂ ಇದ್ದಾರೆಯೇ? ಒಂದು ಪುಟ ಮೀರದಂತೆ ಬರೆದು ಕಳಿಸಿ. ಒಳ್ಳೆಯ ಕಾಗದಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸೋಣ.